ಬಾಲ ಉದ್ದದ ರೈಟು

ತಿಪಟೂರು ಸೀಮೆಯಲ್ಲಿ ಹುಟ್ಟಿದ ಕೂಸಿಗೆ ಅ ಆ ಇ ಈ ತಿಳಿಯುವುದಕ್ಕೆ ಮುಂಚೆ ರೇಟು ತಿಳಿಯುತ್ತದೆ. ಅಪ್ಪ ಮಂಡಿಯಿಂದ ಬಂದು ಚಪ್ಪಲಿ ಬಿಡುವ ಸದ್ದಿನಲ್ಲೇ ಇವತ್ತು ಕೊಬ್ಬರಿ ಏರಿದೆಯೋ ಇಳಿದಿದೆಯೋ ಗೊತ್ತಾಗಿಬಿಡುತ್ತದೆ. ಏರಿದ್ದರೆ ಕೈಯಲ್ಲಿ ಖಾರದ ಪೊಟ್ಟಣ. ಇಳಿದಿದ್ದರೆ ಮನೆಯಲ್ಲಿದ್ದವರ ಮೇಲೆಲ್ಲ ಖಾರ. ಪಕ್ಕದ ಮನೆಯವರ ಲಾಟು ನಮ್ಮದಕ್ಕಿಂತ ಇನ್ನೂರು ರೂಪಾಯಿ ಜಾಸ್ತಿಗೆ ಹೋಯಿತು ಅಂತಾದರೆ ಆ ರಾತ್ರಿ ಗಂಟಲಲ್ಲಿ ಮುದ್ದೆ ಇಳಿಯುವುದಿಲ್ಲ. ಇಂಥ ಮನೆಯಿಂದ ಎದ್ದು ಶಾಲೆಗೆ ಹೋದ ಮಗು, ಮಿಸ್ಸು ತನ್ನ ಪುಸ್ತಕದಲ್ಲಿ ‘ಗುಡ್’ ಅಂತ ಬರೆದರೆ ಏನು ಮಾಡೀತು? ಮೊದಲು ಪಕ್ಕದವನ ಪುಸ್ತಕ ಎಳೆದು ನೋಡುತ್ತದೆ. ಅವನಿಗೆ ‘ವೆರಿಗುಡ್’ ಸಿಕ್ಕಿದ್ದರೆ ಇವನ ಗುಡ್ಡು ನಿಂತ ಜಾಗದಲ್ಲೇ ನೆಲಕಚ್ಚಿತು.

ಈ ವಿಷಯದಲ್ಲಿ ಮಾತಾಡುವ ಅರ್ಹತೆ ನನಗೆ ಎರಡು ಕಡೆಯಿಂದಲೂ ಬಂದಿದೆ. ನಾನು ತಿಪಟೂರಿನ ಮಂಡಿಯೊಂದರಲ್ಲಿ ಲೆಕ್ಕ ಬರೆದು ಬದುಕಿದವನು. ನಮ್ಮ ಮನೆಯವರು ತುರುವೇಕೆರೆ ಕಡೆಯ ಒಂದು ಹಳ್ಳಿಯಲ್ಲಿ ಸರ್ಕಾರಿ ಪ್ರೈಮರಿ ಶಾಲೆಯ ಟೀಚರು. ಊರಿಗೆಲ್ಲ ಮಿಸ್ಸು, ಮದುವೆಯಾದವನು ನಾನೇ ಆದರೂ ಅಭ್ಯಾಸಬಲದಿಂದ ನನಗೂ ಮಿಸ್ಸೇ. ಸಂಜೆ ಬಸ್ಸಿಳಿಯುವಾಗ ಅವರ ಒಂದು ಕೈಯಲ್ಲಿ ಊಟದ ಬ್ಯಾಗು, ಇನ್ನೊಂದರಲ್ಲಿ ನೋಟ್‌ಬುಕ್ಕಿನ ಚೀಲ. ಚೀಲ ನಾನೇ ಮಂಡಿಯಿಂದ ತಂದುಕೊಟ್ಟದ್ದು, ಕೊಬ್ಬರಿಯದು. ಪುಸ್ತಕಕ್ಕೆ ಕೊಬ್ಬರಿ ವಾಸನೆ ಹತ್ತಿದೆ ಎಂದು ಒಂದು ಮಗುವೂ ದೂರು ಹೇಳಿಲ್ಲ. ಪುಸ್ತಕದ ವಾಸನೆಯೇ ಅದು ಎಂದು ಅವು ತಿಳಿದುಕೊಂಡಂತಿದೆ.

ತಿದ್ದುವುದೆಂದರೆ ಸರಿಯಾದದ್ದಕ್ಕೆ ರೈಟು, ತಪ್ಪಾದದ್ದಕ್ಕೆ ಇಂಟು, ಅಲ್ಲಿಗೆ ಮುಗಿಯಿತು ಎಂದು ದೊಡ್ಡವರು ಅಂದುಕೊಂಡಿರುತ್ತೇವೆ. ಮಕ್ಕಳ ಶಾಸ್ತ್ರವೇ ಬೇರೆ. ತೆಂಗಿನಲ್ಲಿ ಉದ್ದ ತಳಿ, ಗಿಡ್ಡ ತಳಿ ಎಂದು ಇರುವಂತೆ ರೈಟಿನಲ್ಲೂ ಇವೆ. ಬಾಲ ಮೇಲಿನ ಸಾಲು ದಾಟಿ ಪುಟದ ಅಂಚಿನವರೆಗೂ ಹೋಗಿದ್ದರೆ ಅದು ಉತ್ತಮ ದರ್ಜೆಯ ರೈಟು; ಮಿಸ್ಸಿಗೆ ಖುಷಿಯಾಗಿದೆ. ಬಾಲ ಮೋಟಾಗಿದ್ದರೆ ಉತ್ತರವೇನೋ ಸರಿ, ಆದರೆ ಮಿಸ್ಸಿಗೆ ಮನಸ್ಸಿಲ್ಲ. ಬಾಲದ ಮೇಲೆ ಅಡ್ಡಗೀಟು ಬಿದ್ದರೆ ಅರ್ಧ ರೈಟು, ಅದರ ಬಗ್ಗೆ ಮೇಲ್ಮನವಿ ಸಲ್ಲಿಸಬಹುದು. ಒಂದು ದಿನ ಮೂರನೇ ಕ್ಲಾಸಿನ ಹುಡುಗಿಯೊಬ್ಬಳು ಪುಸ್ತಕ ಹಿಡಿದು ಬಂದು ಕೇಳಿದಳಂತೆ: “ಮಿಸ್, ನಿನ್ನೆ ನನ್ನ ರೈಟಿಗೆ ಬಾಲನೇ ಇಲ್ವಲ್ಲ, ನಿಮಗೆ ಹುಷಾರಿರಲಿಲ್ವಾ?” ಆವತ್ತು ಮಾಯಸಂದ್ರದ ಬಸ್ಸಿನಲ್ಲಿ ನಿಂತೇ ತಿದ್ದಿದ ಪುಸ್ತಕಗಳವು. ಉತ್ತರ ಪೂರ್ತಿ ಸರಿಯಿತ್ತು. ಅದು ಅವಳಿಗೆ ಮೊದಲೇ ಗೊತ್ತಿತ್ತು; ತಿಳಿಯಬೇಕಾಗಿದ್ದದ್ದು ಬೇರೆ.

ಇಂಟಿನ ಕಥೆ ಇನ್ನೂ ದೊಡ್ಡದು. ಇಂಟು ಬಿದ್ದ ಜಾಗವನ್ನು ರಬ್ಬರಿನಿಂದ ಉಜ್ಜಿ, ಪೆನ್ನಿನ ಶಾಯಿ ಅದಕ್ಕೆ ಬಗ್ಗದೆ, ಬೆರಳಿಗೆ ಎಂಜಲು ಹಚ್ಚಿ ಉಜ್ಜಿ, ಕೊನೆಗೆ ಕಾಗದವೇ ತೂತಾಗಿ, ಆ ತೂತಿನೊಳಗಿಂದ ಮುಂದಿನ ಪುಟದ ರೈಟು ಇಣುಕುತ್ತಿದ್ದ ನೋಟ್‌ಬುಕ್ಕೊಂದನ್ನು ನಾನು ಕಣ್ಣಾರೆ ಕಂಡಿದ್ದೇನೆ. ತಪ್ಪನ್ನು ಸರಿಮಾಡಿಕೊಳ್ಳಲು ಇದಕ್ಕಿಂತ ಶ್ರಮದ ದಾರಿ ಇನ್ನೊಂದಿರಲಾರದು.

ಪುಸ್ತಕ ತಿದ್ದಿಸಿಕೊಳ್ಳಲು ಮೇಜಿನ ಪಕ್ಕ ನಿಂತ ಮಗುವನ್ನು ಒಮ್ಮೆ ನೋಡಬೇಕು. ಹಿಮ್ಮಡಿ ನೆಲಕ್ಕೆ ತಾಗಿರುವುದಿಲ್ಲ. ಒಂದು ಕಣ್ಣು ಪೆನ್ನಿನ ಮೊನೆಯ ಮೇಲೆ, ಇನ್ನೊಂದು ಮಿಸ್ಸಿನ ಹುಬ್ಬಿನ ಮೇಲೆ. ಪೆನ್ನು ಯಾವುದಾದರೂ ಸಾಲಿನ ಹತ್ತಿರ ತಡೆದರೆ ಉಸಿರು ತಡೆಯುತ್ತದೆ. ಮುಂದಕ್ಕೆ ಹೋದರೆ ಮೂಗಿನಿಂದ ಸುಯ್ ಎಂದು ಗಾಳಿ. ಈ ಭಂಗಿಯನ್ನು ನಾನು ಎಪಿಎಂಸಿ ಯಾರ್ಡಿನಲ್ಲಿ ಬೇಕಾದಷ್ಟು ನೋಡಿದ್ದೇನೆ. ವ್ಯಾಪಾರಿ ಚೀಲಕ್ಕೆ ಕೈ ಹಾಕಿ ಒಂದು ಉಂಡೆ ಕೊಬ್ಬರಿ ತೆಗೆಯುತ್ತಾನೆ. ತಿರುಗಿಸಿ ನೋಡುತ್ತಾನೆ, ಹೆಬ್ಬೆರಳಿನಲ್ಲಿ ಒತ್ತುತ್ತಾನೆ, ಒಡೆದು ಒಳಗಿನ ಬಿಳುಪು ನೋಡಿ ಮೂಸುತ್ತಾನೆ, ಒಂದು ಚೂರು ಬಾಯಿಗೆ ಹಾಕಿಕೊಳ್ಳುತ್ತಾನೆ. ಮಾತಿಲ್ಲ ಕತೆಯಿಲ್ಲ. ರೈತ ಆ ದವಡೆಯನ್ನೇ ನೋಡುತ್ತ ನಿಂತಿರುತ್ತಾನೆ. ಕೆಡವಿದ ಕಾಯನ್ನು ಹೆಚ್ಚುಕಡಿಮೆ ವರ್ಷ ಅಟ್ಟದಲ್ಲಿಟ್ಟು, ನೀರೆಲ್ಲ ಇಂಗಿ, ಅಲ್ಲಾಡಿಸಿದರೆ ಒಳಗೆ ಗಡಗಡ ಎನ್ನುವವರೆಗೆ ಕಾದು, ಸುಲಿಸಿ, ಚಿಪ್ಪು ಒಡೆಸಿ ತಂದ ಮಾಲು. ವರ್ಷದ ಬದುಕಿಗೆ ಅರ್ಧ ನಿಮಿಷದ ಮೌಲ್ಯಮಾಪನ! ರೇಟು ಯಾಕೆ ಕಡಿಮೆ ಬಿತ್ತು ಎಂದು ಯಾರೂ ಬರೆದುಕೊಡುವುದಿಲ್ಲ. ಈಗ ಟೆಂಡರು ಕಂಪ್ಯೂಟರಿನಲ್ಲಿ ನಡೆಯುತ್ತದೆ, ಆದರೂ ದವಡೆ ನೋಡುವುದು ತಪ್ಪಿಲ್ಲ.

ಬೆಂಬಲ ಬೆಲೆಗೆ ಕೊಳ್ಳುವಾಗ ಮಾತ್ರ ಕಾರಣ ಹೇಳುತ್ತಾರೆ: ಗಾತ್ರ ಸಾಲದು, ಸರಿಯಾಗಿ ಒಣಗಿಲ್ಲ, ಕೌಟು. 2024ರ ಹಂಗಾಮಿಗೆ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 12,000 ರೂಪಾಯಿ ಎಂದಿತ್ತು. ಆಗ ಚೀಲ ವಾಪಸ್ ಹೊತ್ತು ತಂದ ನಮ್ಮ ಕಡೆಯ ರೈತರೊಬ್ಬರು ಮಂಡಿ ಜಗಲಿಯ ಮೇಲೆ ಕೂತು ಬೀಡಿ ಹಚ್ಚಿ ಹೇಳಿದರು: “ಯಾಕೆ ಬೇಡ ಅಂತ ಹೇಳಿ ಕಳಿಸಿದ್ರು ಕಣಪ್ಪ. ಅಷ್ಟು ಮರ್ಯಾದೆ ಕೊಟ್ರು.” ಈ ಮಾತನ್ನು ನಾನು ಮನೆಗೆ ಬಂದು ಮಿಸ್ಸಿಗೆ ಹೇಳಿದೆ. ಅವರು ಪೆನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ನೋಟ್‌ಬುಕ್ಕಿನ ರಾಶಿ ನೋಡಿದರು. ಆಮೇಲೆ ಕಾಫಿ ಕೇಳಿದರು.

ಅಷ್ಟಾದ ಮೇಲೆ ಸುಮ್ಮನಿರಲಿಲ್ಲ ಅವರು. ಎಲ್ಲೋ ತರಬೇತಿಗೆ ಹೋದಾಗ, ಕೆಂಪು ಶಾಯಿ ಮಕ್ಕಳ ಮನಸ್ಸಿಗೆ ಒಳ್ಳೆಯದಲ್ಲ ಎಂದು ಕೇಳಿಕೊಂಡು ಬಂದರು. ಅದರಲ್ಲಿ ಸುಳ್ಳೇನೂ ಇಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರು 2010ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಒಂದೇ ಪ್ರಬಂಧವನ್ನು ಕೆಂಪು ಪೆನ್ನು ಹಿಡಿದು ತಿದ್ದಿದವರು ನೀಲಿ ಪೆನ್ನಿನವರಿಗಿಂತ ಹೆಚ್ಚು ತಪ್ಪು ಹುಡುಕಿದರು, ಕಡಿಮೆ ಅಂಕ ಕೊಟ್ಟರು. ಅಂದರೆ ಪೆನ್ನು ಮೊದಲು ಕೆಡಿಸುವುದು ಮೇಷ್ಟರನ್ನು, ಮಕ್ಕಳ ಸರದಿ ಆಮೇಲೆ. ನಮ್ಮವರು ಹಸಿರು ಪೆನ್ನು ತಂದರು. ಹೆಡ್‌ಮೇಷ್ಟ್ರು “ಏನ್ ಮೇಡಂ, ಯಾವಾಗ ಗೆಜೆಟೆಡ್ ಆಫೀಸರ್ ಆದ್ರಿ?” ಎಂದರು. ಮಕ್ಕಳಲ್ಲಿ ಗುಸುಗುಸು ಎದ್ದಿತು. ಹಸಿರು ರೈಟು ಲೆಕ್ಕಕ್ಕೆ ಬರುತ್ತದೋ ಇಲ್ಲವೋ? ಮನೆಯಲ್ಲಿ ನಂಬುತ್ತಾರೋ ಇಲ್ಲವೋ? ಅದೇ ವಾರ ನಾಲ್ಕನೇ ಕ್ಲಾಸಿನವರು ತಲಾ ಒಂದೊಂದು ರೂಪಾಯಿ ಕೂಡಿಸಿ, ಊರ ಅಂಗಡಿಯಿಂದ ಕೆಂಪು ಪೆನ್ನು ಕೊಂಡು ತಂದು ಮೇಜಿನ ಮೇಲಿಟ್ಟರು: “ನಿಮ್ಮದು ಖಾಲಿ ಆಗೈತೆ ಅಲ್ವಾ ಮಿಸ್?” ಈಗಲೂ ಅವರು ಅದರಲ್ಲೇ ತಿದ್ದುತ್ತಾರೆ, ರೀಫಿಲ್ಲು ಮಾತ್ರ ನನ್ನ ಖರ್ಚು.

ಷರಾ ಬರೆಯುವುದರಲ್ಲಿ ಇನ್ನೊಂದು ತಾಪತ್ರಯವಿದೆ. ಮಕ್ಕಳು ಅದನ್ನು ಓದುವುದಿಲ್ಲ ಎಂದು ಮೇಷ್ಟ್ರುಗಳು ಗೊಣಗುತ್ತಾರೆ. ಓದಿದರೆ ಆಗುವ ಅನಾಹುತ ಅವರಿಗೆ ಗೊತ್ತಿಲ್ಲ. ‘ಅಕ್ಷರ ದುಂಡಗೆ ಬರೆ’ ಎಂದು ಬರೆದದ್ದನ್ನು ಓದಿದ ಒಬ್ಬ ಮಹಾರಾಯ ಮಾರನೆಯ ದಿನ ಒಂದೊಂದು ಅಕ್ಷರವನ್ನೂ ನಿಂಬೆಹಣ್ಣಿನ ಗಾತ್ರಕ್ಕೆ ಬರೆದು ತಂದ. ಪುಟಕ್ಕೆ ನಾಲ್ಕು ಸಾಲು, ಸಾಲಿಗೆ ಐದು ಅಕ್ಷರ. ವಾರದಲ್ಲಿ ನೋಟ್‌ಬುಕ್ಕು ಮುಗಿದು ಅವರಪ್ಪ ಶಾಲೆಗೆ ಬಂದ. ‘ಇನ್ನೂ ಪ್ರಯತ್ನ ಬೇಕು’ ಎಂಬುದನ್ನು ಓದಿದವಳು ಪಠ್ಯಪುಸ್ತಕ ತಂದು, “ಪ್ರಯತ್ನ ಯಾವ ಪಾಠದಾಗೈತೆ ಮಿಸ್?” ಎಂದು ಹಾಳೆ ತಿರುವತೊಡಗಿದಳು. ಅವಳ ಪ್ರಶ್ನೆ ನ್ಯಾಯವಾದದ್ದೇ. ಯಾವುದರಲ್ಲಿ ಪ್ರಯತ್ನ, ಎಷ್ಟು, ಎಲ್ಲಿಂದ ಶುರು, ಒಂದೂ ಬರೆದಿಲ್ಲ. ‘ಗಮನ ಕೊಡು’ ಎನ್ನುವುದೂ ಅದೇ ಬಳಗದ್ದು. ಈ ಮಾತುಗಳನ್ನು ಬರೆದಾಗ ಬರೆದವರಿಗೆ ಕೆಲಸ ಮಾಡಿದ ತೃಪ್ತಿ ಸಿಗುತ್ತದೆ, ಓದಿದವರಿಗೆ ಕೆಲಸ ಸಿಗುವುದಿಲ್ಲ.

ಕೆಲಸ ಸಿಗುವುದು ‘ತಪ್ಪಾದ ಪದ ಹತ್ತು ಸಲ ಬರೆ’ ಎಂಬಲ್ಲಿ. ನಮ್ಮ ಸೀಮೆಯಲ್ಲಿ ಅತಿ ಹೆಚ್ಚು ಸಲ ಹತ್ತತ್ತು ಸಲ ಬರೆಯಲ್ಪಟ್ಟ ಪದ ಕಲ್ಪವೃಕ್ಷವೇ ಇರಬೇಕು. ವೃ ಬರೆಯುವುದು ಕಷ್ಟ, ಕ್ಷ ಇನ್ನೂ ಕಷ್ಟ, ಎರಡೂ ಅಕ್ಕಪಕ್ಕ. ಹುಡುಗ ‘ಕಲ್ಪರುಕ್ಷ’ ಎಂದು ಬರೆದಿದ್ದ. ಹತ್ತು ಸಲ ಬರೆಯಲು ಕೂತವನು ಏನು ಮಾಡಿದ ಗೊತ್ತೇ? ಮೊದಲು ಮೇಲಿಂದ ಕೆಳಕ್ಕೆ ಹತ್ತು ಕ ಬರೆದ. ಆಮೇಲೆ ಮತ್ತೆ ಮೇಲಿನಿಂದ ಹತ್ತು ಲ. ಪ ಒತ್ತು ಹತ್ತಕ್ಕೂ ಒಟ್ಟಿಗೆ ಕೊಟ್ಟ. ವ ಹತ್ತು. ಇನ್ನು ವಟ್ರುಸುಳಿ; ಅದನ್ನು ಮೊದಲನೆಯದಕ್ಕೆ ತಿರುವು ಮುರುವಾಗಿ ಹಾಕಿ, ಉಳಿದ ಒಂಬತ್ತಕ್ಕೂ ಅದೇ ಅಚ್ಚು ಇಳಿಸಿದ. ಕಾಲು ಗಂಟೆಯಲ್ಲಿ ಹತ್ತು ಹೊಸ ತಪ್ಪು ತಯಾರು. ನಾನು ಇದನ್ನು ನೋಡಿದ್ದು ಅವರ ಮನೆ ಜಗಲಿಯ ಮೇಲೆ. ಅದೇ ಜಗಲಿಯ ಇನ್ನೊಂದು ತುದಿಯಲ್ಲಿ ಅವನ ಅಜ್ಜಿ ಕಾಯಿ ಚಿಪ್ಪು ಒಡೆಯುತ್ತಿದ್ದರು, ಅವರದೂ ಅದೇ ಕ್ರಮ: ಮೊದಲು ಎಲ್ಲದರ ಮೇಲೆ ಒಂದೊಂದು ಏಟು, ಆಮೇಲೆ ಬಿಡಿಸುವುದು. ಹುಡುಗ ಕಲಿಯುತ್ತಿಲ್ಲ ಎಂದು ಯಾರೂ ಹೇಳುವ ಹಾಗಿಲ್ಲ.

ಇನ್ನು ‘ತೆಂಗಿನ ಮರ’ ಎಂಬ ಪ್ರಬಂಧ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಈ ಮೂರು ತಾಲ್ಲೂಕಿನಲ್ಲಿ ಇದನ್ನು ಬರೆಯದೆ ಯಾರೂ ಪ್ರೈಮರಿ ದಾಟಿದ್ದಿಲ್ಲ. ಮಾಮೂಲಿ ಉಪಯೋಗಗಳೆಲ್ಲ ಎಲ್ಲರಿಗೂ ಬಾಯಿಪಾಠ: ಎಳನೀರು ಕುಡಿಯಲು, ಕಾಯಿ ಸಾರಿಗೆ, ಗರಿಯಿಂದ ಪೊರಕೆ, ಮಟ್ಟೆ ಬಚ್ಚಲೊಲೆಗೆ, ನಾರಿನಿಂದ ಹಗ್ಗ. ಹತ್ತು ಉಪಯೋಗ ಬರೆಯಿರಿ ಎಂದಿದ್ದಕ್ಕೆ ಒಬ್ಬ ಹುಡುಗ ಒಂಬತ್ತಕ್ಕೆ ನಿಂತು ಹೋದ. ಆಮೇಲೆ ಸ್ವಂತ ಅನುಭವದಿಂದ ಹತ್ತನೆಯದನ್ನು ಸೇರಿಸಿದ: ‘ತೆಂಗಿನ ಮರದ ಕೆಳಗೆ ಕೂತು ಇಸ್ಪೀಟು ಆಡಬಹುದು. ಆದರೆ ಕಾಯಿ ಬೀಳುತ್ತದೆ.’ ಮಿಸ್ಸು ನಗು ತಡೆಯಲಾರದೆ ನನ್ನನ್ನು ಕರೆದು ತೋರಿಸಿದರು. ರೈಟು ಹಾಕುವುದೋ ಇಂಟು ಹಾಕುವುದೋ ತಿಳಿಯದೆ ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಕಳಿಸಿದರು.

ಮಾರನೆಯ ದಿನ ಪುಸ್ತಕ ವಾಪಸ್ ಬಂತು. ಪ್ರಶ್ನಾರ್ಥಕ ಚಿಹ್ನೆಯ ಕೆಳಗೆ ಪೆನ್ಸಿಲಿನಲ್ಲಿ ಉತ್ತರ: ‘ಹೌದು ಮಿಸ್ ಬೀಳುತ್ತದೆ. ನಮ್ಮ ಚಿಕ್ಕಪ್ಪನಿಗೆ ಬಿದ್ದಿದೆ.’ ಮೇಷ್ಟ್ರು ಕೇಳಿದ ಪ್ರಶ್ನೆಗೆ ಉತ್ತರ ಕೊಡದಿರುವುದು ಮರ್ಯಾದೆಯಲ್ಲ ಎಂದು ಅವನು ಭಾವಿಸಿದ್ದ. ಅವರು ಕೆಂಪು ಪೆನ್ನಿನಲ್ಲಿ ‘ಆಮೇಲೆ?’ ಎಂದಷ್ಟೇ ಬರೆದರು. ಅದುವರೆಗೆ ಐದು ಸಾಲಿಗಿಂತ ಹೆಚ್ಚು ಬರೆಯದಿದ್ದ ಹುಡುಗ ಒಂದೂವರೆ ಪುಟ ತುಂಬಿಸಿಕೊಂಡು ಬಂದ. ಕಾಯಿ ಹೆಗಲಿಗೆ ಬಿದ್ದದ್ದು, ತಲೆಗೆ ಬಿದ್ದಿದ್ದರೆ ಆಗುತ್ತಿದ್ದದ್ದು, ತಿಪಟೂರಿಗೆ ಆಟೋದಲ್ಲಿ ಹೋದದ್ದು, ಚಿಕ್ಕಮ್ಮ ಅತ್ತದ್ದು, ಚಿಕ್ಕಪ್ಪ ನೋವಿನಲ್ಲೂ ಕೈಯೊಳಗಿನ ಎಲೆ ಬಿಡದೆ ಇದ್ದದ್ದು, ಡಾಕ್ಟರು ಅದನ್ನು ಬಿಡಿಸಿ ನೋಡಿದರೆ ಎಲ್ಲ ಸಣ್ಣ ಸಣ್ಣ ಎಲೆಗಳೇ ಇದ್ದದ್ದು. ಕಾಗುಣಿತ ತಪ್ಪು ಸಾಲಿಗೆರಡು. ನಮ್ಮವರು ಒಂದಕ್ಕೂ ಇಂಟು ಹಾಕಲಿಲ್ಲ. ‘ಬಿದ್ದ ಕಾಯಿ ಏನಾಯಿತು?’ ಎಂದು ಬರೆದರು. ಅದನ್ನು ಸಾರಿಗೆ ಹಾಕಿದರಂತೆ. ಹೀಗೆ ಆ ಪತ್ರವ್ಯವಹಾರ ದಸರಾ ರಜೆಯವರೆಗೂ ನಡೆಯಿತು. ಅಕ್ಟೋಬರಿನ ಹೊತ್ತಿಗೆ ಅವನ ಒತ್ತಕ್ಷರಗಳು ತಾವಾಗಿಯೇ ಅವುಗಳ ಜಾಗಕ್ಕೆ ಬಂದು ಕೂತಿದ್ದವು.

ನಮ್ಮ ಕಾಲದಲ್ಲಿ ಇಷ್ಟೆಲ್ಲ ಬರವಣಿಗೆ ಇರಲಿಲ್ಲ. ಸ್ಲೇಟಿನ ಅಂಕಕ್ಕೆ ಆಯಸ್ಸು ಮನೆ ಮುಟ್ಟುವ ತನಕ. ಹತ್ತಕ್ಕೆ ಹತ್ತು ಬಿದ್ದ ದಿನ ಸ್ಲೇಟನ್ನು ಚೀಲಕ್ಕೆ ಹಾಕದೆ, ಎದೆಗೂ ತಾಗಿಸದೆ, ಎರಡೂ ಅಂಗೈ ಮೇಲೆ ಮಲಗಿಸಿಕೊಂಡು ತೋಟದ ಬದುವಿನ ಮೇಲೆ ಮೆಲ್ಲಗೆ ನಡೆಯುತ್ತಿದ್ದೆವು. ಜಡಿಮಳೆಯ ಒಂದು ಹನಿ ಬಿದ್ದು 10/10 ಎಂಬುದು 1/10 ಆಗಿ, ಮನೆಯಲ್ಲಿ ಎಷ್ಟು ಹೇಳಿದರೂ ನಂಬದೆ, ಕಡೆಗೆ ಮೇಷ್ಟರನ್ನೇ ಕರೆಸಿ ಸಾಕ್ಷಿ ಹೇಳಿಸಿದ್ದೂ ಉಂಟು. ಸೊನ್ನೆ ಬಿದ್ದ ದಿನ ಶಾಲೆಯ ಗೇಟು ದಾಟುವ ಮುಂಚೆಯೇ ಅಂಗಿ ತೋಳು ಸ್ಲೇಟಿನ ಮೇಲೆ ಆಡಿಬಿಡುತ್ತಿತ್ತು. ಬೇರೆ ಕಡೆ ಸೊನ್ನೆಗೆ ಕೋಳಿಮೊಟ್ಟೆ ಎನ್ನುತ್ತಾರಂತೆ. ನಮ್ಮ ಹುಡುಗರು “ಉಂಡೆ ಕೊಬ್ಬರಿ ಕೊಟ್ರು” ಎನ್ನುತ್ತಿದ್ದರು, ಸಿಕ್ಕಿದ್ದು ಏನೋ ಬೆಲೆಬಾಳುವುದೇ ಎಂಬಂತೆ. ಏಪ್ರಿಲ್ 10ಕ್ಕೆ ರಿಸಲ್ಟು. ಹೆಡ್‌ಮೇಷ್ಟ್ರು ಪಾಸಾದವರ ಹೆಸರು ಗಟ್ಟಿಯಾಗಿ ಓದುತ್ತಿದ್ದರು. ಓದದೆ ಬಿಟ್ಟದ್ದೇ ಉಳಿದವರಿಗೆ ಕೊಟ್ಟ ಷರಾ. 2009ರ ಶಿಕ್ಷಣ ಹಕ್ಕು ಕಾಯ್ದೆ ಬಂದ ಮೇಲೆ ಎಂಟನೇ ತರಗತಿಯವರೆಗೆ ಫೇಲು ಮಾಡುವುದು ನಿಂತಿತು, ಷರಾ ಬರೆಯುವುದು ಹೆಚ್ಚಿತು.

ನಲಿ-ಕಲಿ ಬಂದದ್ದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದದ್ದು, 2009–10ರಿಂದ ರಾಜ್ಯದ ಸರ್ಕಾರಿ ಶಾಲೆಗಳ ಸಣ್ಣ ತರಗತಿಗಳಿಗೆಲ್ಲ ಬಂತು. ಅದರಲ್ಲಿ ಪರೀಕ್ಷೆಯ ಭಯವಿಲ್ಲ. ಕಲಿಕಾ ಏಣಿ, ಮೈಲಿಗಲ್ಲು, ಪ್ರಗತಿ ನೋಟ ಎಂದು ಗೋಡೆ ತುಂಬ ಚಾರ್ಟು. ಮಕ್ಕಳು ಗುಂಪು ಗುಂಪಾಗಿ ಕೂರುವ ಜಾಗಕ್ಕೆ ತಟ್ಟೆ ಎಂದು ಹೆಸರು. ಮೇಷ್ಟರ ಸಹಾಯ ಬೇಕಾದವರಿಗೆ ಎರಡು ತಟ್ಟೆ, ಗೆಳೆಯರ ಸಹಾಯದಲ್ಲಿ ಕಲಿಯುವವರಿಗೆ ಎರಡು, ತಾವೇ ಕಲಿಯುವವರಿಗೆ ಐದನೆಯದು. ಒಳ್ಳೆಯ ಯೋಚನೆ, ಯಾರನ್ನೂ ದಡ್ಡ ಎನ್ನುವ ಹಾಗಿಲ್ಲ. ಆದರೆ ಮಕ್ಕಳು ಒಂದೇ ವಾರದಲ್ಲಿ ತಟ್ಟೆಗಳಿಗೂ ಧಾರಣೆ ಕಟ್ಟಿದರು. ಅವಳಿ ಹುಡುಗರಿಬ್ಬರಲ್ಲಿ ಒಬ್ಬ ಮನೆಗೆ ಹೋಗಿ, “ಅಜ್ಜಿ, ನನ್ನ ಐದನೇ ತಟ್ಟೆಗೆ ಹಾಕಿದ್ರು, ಇವನು ಇನ್ನಾ ಮೊದಲನೇ ತಟ್ಟೆಲೇ ಕೂತವ್ನೆ” ಎಂದ. ಅಜ್ಜಿ ಬಿಸಿಯೂಟದ ವಿಚಾರವೆಂದೇ ತಿಳಿದು, “ಐದು ತಟ್ಟೆ ತಿಂದೇನ್ಲಾ? ಇವನಿಗೂ ಇನ್ನೊಂದೆರಡು ಬಡಿಸೋಕೆ ಹೇಳಬಾರದಿತ್ತಾ?” ಎಂದು ಮಾರನೇ ದಿನ ಅಡುಗೆಯವರ ಹತ್ತಿರ ಜಗಳಕ್ಕೇ ಹೋದರು.

ಗ್ರೇಡು ಬಂದ ಮೇಲೆ ಮಕ್ಕಳ ಗಣಿತ ಇನ್ನೂ ಚುರುಕಾಯಿತು. ಎ ಸಿಕ್ಕಿದವನ ಮುಂದೆ ಬಿ ಪ್ಲಸ್‌ನವನು ವಾದಿಸಿದ: “ನಂದ್ರಾಗೆ ಪ್ಲಸ್ ಐತೆ, ನಿಂದ್ರಾಗಿಲ್ಲ. ಪ್ಲಸ್ ಅಂದ್ರೆ ಜಾಸ್ತಿ ತಾನೆ?” ಎ ಸಿಕ್ಕಿದವನು ಅತ್ತುಕೊಂಡು ಮಿಸ್ಸಿನ ಹತ್ತಿರ ಬಂದ. ಬಿ ಪ್ಲಸ್‌ನವನ ತರ್ಕದಲ್ಲಿ ದೋಷ ಎಲ್ಲಿದೆ ಎಂದು ನನಗೆ ಈಗಲೂ ಹೇಳಲು ಬರುವುದಿಲ್ಲ.

‘ಪೋಷಕರ ಸಹಿ ತರುವುದು’ ಎಂಬ ಸಾಲಿನಷ್ಟು ಗಂಭೀರವಾಗಿ ಮಕ್ಕಳು ಇನ್ಯಾವ ಷರಾವನ್ನೂ ಓದುವುದಿಲ್ಲ. ಅಪ್ಪನ ಹತ್ತಿರ ಹೋಗುವ ಧೈರ್ಯವಿಲ್ಲದವರು ತಾತನ ಹತ್ತಿರ ಹೋಗುತ್ತಾರೆ. ತಾತ ಕನ್ನಡಕ ಹುಡುಕಿ, ಸಿಗದೆ, ಹಾಳೆಯನ್ನು ದೂರ ಹಿಡಿದು, “ಎಷ್ಟು ಸಾಲ? ಬಡ್ಡಿ ಎಷ್ಟಂತೆ?” ಎಂದು ಕೇಳಿ, ಸೊಸೈಟಿ ಕಾಗದ ಇರಬೇಕೆಂದು ಹೆಬ್ಬೆಟ್ಟೊತ್ತಿ ಕಳಿಸಿದ ಪ್ರಗತಿ ಪತ್ರವೊಂದು ನಮ್ಮ ಮನೆ ಬೀರುವಿನಲ್ಲಿದೆ. ಜಾಮೀನುದಾರರೂ ಬೇಕಾದೀತೆಂದು ಪಕ್ಕದ ಮನೆಯವರ ಕೈಲೂ ಒತ್ತಿಸಿದ್ದರು. ‘ಸಮುದಾಯದತ್ತ ಶಾಲೆ’ ದಿನ ಮನೆಯವರೆಲ್ಲ ಶಾಲೆಗೆ ಬಂದು ಮಕ್ಕಳ ಕಲಿಕೆ ನೋಡಬೇಕು. ಬರುತ್ತಾರೆ, ನೋಡುತ್ತಾರೆ, ಕೇಳುವುದು ಒಂದೇ ಪ್ರಶ್ನೆ: “ಅವರ ಹುಡುಗಂಗೆ ಎಷ್ಟು ಬಂತು ಮಿಸ್?” ಮಕ್ಕಳು ಪಕ್ಕದ ಪುಸ್ತಕ ಎಳೆದು ನೋಡುವುದನ್ನು ಎಲ್ಲಿ ಕಲಿತರು ಎಂದು ಸಂಶೋಧನೆ ಮಾಡಬೇಕಾದ್ದಿಲ್ಲ.

ಅಂಕದ ಬಗ್ಗೆ ಸಂಶೋಧನೆ ಮಾಡಿದವರಿದ್ದಾರೆ, ಅದು ಬೇರೆ ಮಾತು. ಇಸ್ರೇಲಿನ ರೂತ್ ಬಟ್ಲರ್ ಎಂಬ ವಿದುಷಿ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆಲವು ಮಕ್ಕಳಿಗೆ ಬರೀ ಅಂಕ ಕೊಟ್ಟರು, ಕೆಲವರಿಗೆ ಬರೀ ಷರಾ, ಕೆಲವರಿಗೆ ಎರಡೂ. ಬರೀ ಷರಾ ಪಡೆದವರು ಮುಂದಿನ ಕೆಲಸದಲ್ಲಿ ಸುಧಾರಿಸಿದರು. ಎರಡೂ ಪಡೆದವರು ಬರೀ ಅಂಕ ಪಡೆದವರಂತೆಯೇ ಇದ್ದಲ್ಲೇ ಇದ್ದರು. ಅಂಕ ಕಂಡ ಮೇಲೆ ಷರಾ ಯಾರಿಗೆ ಬೇಕು? ರೇಟು ಗೊತ್ತಾದ ಮೇಲೆ ಮಂಡಿಯಲ್ಲಿ ಯಾರೂ ನಿಲ್ಲುವುದಿಲ್ಲ, ನನಗೆ ಆಶ್ಚರ್ಯವಾಗಲಿಲ್ಲ. ನಮ್ಮವರು ಮಾತ್ರ ಇದನ್ನು ಕೇಳಿ ಉತ್ಸಾಹದಿಂದ ಅಂಕ ಹಾಕುವುದನ್ನೇ ನಿಲ್ಲಿಸಿ, ಪ್ರತಿ ಪುಸ್ತಕಕ್ಕೂ ಎರಡು ಮೂರು ಸಾಲು ಬರೆಯತೊಡಗಿದರು. ಮಕ್ಕಳು ಎರಡು ದಿನ ತಬ್ಬಿಬ್ಬಾದರು. ಮೂರನೆಯ ದಿನ ಹೊಸ ಅಳತೆ ಕಂಡುಹಿಡಿದರು: “ನಂಗೆ ನಾಲ್ಕು ಸಾಲು ಬರ್ದವ್ರೆ, ನಿಂಗೆ ಎರಡೇ!” ಹೆಚ್ಚು ತಪ್ಪು ಮಾಡಿದವನಿಗೆ ಹೆಚ್ಚು ಸಾಲು, ಹೆಚ್ಚು ಸಾಲಿನವನಿಗೆ ಹೆಚ್ಚು ಮರ್ಯಾದೆ. ತಪ್ಪಿಲ್ಲದೆ ಬರೆದ ಹುಡುಗಿ ಒಂದೇ ಸಾಲು ಸಿಕ್ಕಿತೆಂದು ಮುಖ ಊದಿಸಿಕೊಂಡಳು.

ಆದರೂ ಸ್ವಲ್ಪ ದಿನದಲ್ಲಿ ಒಬ್ಬೊಬ್ಬರಾಗಿ ಆ ಸಾಲುಗಳಲ್ಲಿ ಏನಿದೆ ಎಂದು ಓದಲು ಶುರುಮಾಡಿದ್ದರು. ಅಷ್ಟರಲ್ಲಿ ಮನೆಯವರು ಬಂದರು. “ಏನ್ ಮಿಸ್ ಇದು, ತೂಕ ಹಾಕ್ದೆ ಚೀಟಿ ಬರ್ದಂಗೆ? ಅಂಕ ಹಾಕಿ ಮಿಸ್!” ಅಂಕ ವಾಪಸ್ ಬಂತು. ಮಿಸ್ಸು ಈಗ ಒಂದು ಉಪಾಯ ಮಾಡಿಕೊಂಡಿದ್ದಾರೆ: ಷರಾ ಸೋಮವಾರ, ಅಂಕ ಶುಕ್ರವಾರ. ಮಧ್ಯದ ಮೂರು ದಿನ ಷರಾವನ್ನು ಓದದೆ ಅವರಿಗೆ ಬೇರೆ ಗತಿಯಿಲ್ಲ.

ಈ ಸೀಮೆಯಲ್ಲಿ ತಿದ್ದುವ ಕೆಲಸವನ್ನು ಹಗುರವಾಗಿ ನೋಡುವ ಹಾಗೂ ಇಲ್ಲ. ಬಿ.ಎಂ.ಶ್ರೀ. ಹುಟ್ಟಿದ್ದು ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ, 1884ರಲ್ಲಿ. ಒಂದು ತಲೆಮಾರಿನ ಬರಹಗಾರರನ್ನು ಬೆಳೆಸಿ ಕನ್ನಡದ ಕಣ್ವ ಎನ್ನಿಸಿಕೊಂಡರು. ತೀ.ನಂ.ಶ್ರೀ. ಹುಟ್ಟಿದ್ದು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ, 1906ರಲ್ಲಿ. ಕಾವ್ಯವನ್ನು ಹೇಗೆ ನೋಡಬೇಕು ಎಂಬುದಕ್ಕೆ ‘ಭಾರತೀಯ ಕಾವ್ಯಮೀಮಾಂಸೆ’ ಎಂಬ ಗ್ರಂಥವನ್ನೇ ಬರೆದರು. ಇಬ್ಬರೂ ಮೇಷ್ಟರು. ಆ ಗ್ರಂಥದಲ್ಲಿ ರಸ, ಧ್ವನಿ, ಔಚಿತ್ಯ ಎಲ್ಲ ಉಂಟು. ಗುಡ್, ವೆರಿಗುಡ್ ಎಂಬ ಪ್ರಕರಣ ಇಲ್ಲ. ಕನ್ನಡದಲ್ಲಿ ಅತಿ ಹೆಚ್ಚು ಫಲ ಕೊಟ್ಟ ಷರಾವನ್ನೂ ಕೆಂಪು ಶಾಯಿಯಲ್ಲಿ ಬರೆದಿರಲಿಲ್ಲ. 1924ರಲ್ಲಿ ಮೈಸೂರಿನಲ್ಲಿ ಓದುತ್ತಿದ್ದ ಪುಟ್ಟಪ್ಪ ಎಂಬ ತರುಣ ತನ್ನ ಇಂಗ್ಲಿಷ್ ಪದ್ಯಗಳನ್ನು ಐರಿಷ್ ಕವಿ ಜೇಮ್ಸ್ ಕಸಿನ್ಸ್ ಮುಂದಿಟ್ಟ. ಹೊಗಳಿಕೆ ಬರುತ್ತದೆ ಎಂದುಕೊಂಡಿದ್ದವನಿಗೆ ನಿನ್ನ ಭಾಷೆಯಲ್ಲಿ ಬರೆ ಎಂಬ ಮಾತು ಬಂತು. ಹುಡುಗನಿಗೆ ಆಗ ಅದು ಸೇರಲಿಲ್ಲ. ಆಮೇಲೆ ಅವರು ಕುವೆಂಪು ಆದರು. ಕಸಿನ್ಸ್ ಅವತ್ತು ಹತ್ತಕ್ಕೆ ಏಳು ಎಂದು ಹಾಕಿ ಕಳಿಸಿದ್ದರೆ ನಮ್ಮ ಗತಿ ಏನಾಗುತ್ತಿತ್ತೋ ಶಿವನೇ ಬಲ್ಲ.

ಮಂಡಿಯಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದವರಲ್ಲಿ ಒಬ್ಬ ನಮ್ಮವರ ಹಳೆಯ ಶಿಷ್ಯ, ಈಗ ಅವನ ಮೀಸೆಯೂ ಬೆಳ್ಳಗಾಗುತ್ತಿದೆ. ಯಾವ ಕ್ಲಾಸಿನಲ್ಲಿ ಎಷ್ಟು ಅಂಕ ಬಂದಿತ್ತು ಎಂದರೆ ಒಂದೂ ನೆನಪಿಲ್ಲ. ಆದರೆ ಬಿಲ್ಲು ಬರೆಯುವಾಗ ಪ್ರತಿ 7ಕ್ಕೂ ನಡುವೆ ಒಂದು ಅಡ್ಡಗೆರೆ ಹಾಕುತ್ತಾನೆ. ಯಾಕೆ ಎಂದು ಕೇಳಿದರೆ, “ಮಿಸ್ ಹೇಳಿದ್ರು ಸಾರ್. ಪಕ್ಕಕ್ಕೆ ಬಂದು ಸ್ಲೇಟ್ ಮೇಲೆ ಬೆರಳಿಟ್ಟು, ‘ನಿನ್ನ ಏಳು ಒಂದರ ಥರ ಕಾಣ್ತದೆ ಮರಿ, ನಾಳೆ ಮಂಡಿಗೆ ಹೋದ್ರೆ ಆರು ಸಾವಿರ ಲುಕ್ಸಾನು ಮಾಡ್ತೀಯ’ ಅಂದ್ರು” ಎನ್ನುತ್ತಾನೆ. ಮಿಸ್ಸಿಗೆ ಇದು ನೆನಪೇ ಇಲ್ಲ. ಆ ವರ್ಷ ಅವನ ಪ್ರಗತಿ ಪತ್ರದಲ್ಲಿ ಏನು ಬರೆದಿದ್ದಿರಿ ಎಂದು ಕೇಳಿದೆ. “ಇನ್ನೇನು ಬರೆದಿರ್ತೀನಿ, ‘ಇನ್ನೂ ಪ್ರಯತ್ನ ಬೇಕು’ ಅಂತಲೇ” ಎಂದರು.

ಓದುಗರಲ್ಲಿ ಒಂದು ವಿನಂತಿ. ವರ್ಷ ಮುಗಿದ ಮೇಲೆ ಮಕ್ಕಳ ನೋಟ್‌ಬುಕ್ಕುಗಳನ್ನು ಕಡ್ಲೆಕಾಯಿ ಪೊಟ್ಟಣಕ್ಕೆಂದು ಅಂಗಡಿಗೆ ತೂಕಕ್ಕೆ ಹಾಕುವ ಮುಂಚೆ ಒಂದು ಸಲ ತಿರುವಿ ನೋಡಿ. ಕೆಂಪು ಶಾಯಿಯ ಷರಾದ ಕೆಳಗೆ ಪೆನ್ಸಿಲಿನಲ್ಲಿ ಮಗು ಬರೆದ ಉತ್ತರ ಎಲ್ಲಾದರೂ ಸಿಕ್ಕಿದರೆ ಆ ಹಾಳೆಯನ್ನು ಹರಿಯದೆ ಎತ್ತಿಡಿ, ನಮಗೂ ಒಂದು ಪ್ರತಿ ಕಳಿಸಿ. ನಮ್ಮ ಮನೆಯಲ್ಲಿ ಅದಕ್ಕೆ ರೇಟು ಕಟ್ಟುವುದಿಲ್ಲ. ಕಾಗುಣಿತ ತಪ್ಪಿದ್ದರೂ ಪರವಾಗಿಲ್ಲ.